ಗೋಡೆ ಉಳಿದರೆ ಪಬ್ ಉಳಿದಂತೆಯೇ? ಇಂಗ್ಲೆಂಡಿನ ಸಂರಕ್ಷಣಾ ಪ್ರದೇಶಗಳಲ್ಲಿ ಹಳೆಯ ಪಬ್‌ಗಳ ಮರುಅಭಿವೃದ್ಧಿ

ಇಂಗ್ಲೆಂಡಿನ ನಗರಗಳ ಹಳೆಯ ಬಡಾವಣೆಗಳಲ್ಲಿ ಸ್ಥಳೀಯ ಕೌನ್ಸಿಲಿನ ಯೋಜನಾ ಸಮಿತಿಯ ಮುಂದೆ ಮತ್ತೆ ಮತ್ತೆ ಬರುವ ಒಂದು ಬಗೆಯ ಅರ್ಜಿಯಿದೆ. ಮೂಲೆಯಲ್ಲಿ ನಿಂತಿರುವ ನೂರಾರು ವರ್ಷ ಹಳೆಯ ಪಬ್ ಒಂದನ್ನು ಕಂಪನಿಯೊಂದು ಕೊಂಡಿರುತ್ತದೆ. ಮೇಲಿನ ಮಹಡಿಗಳನ್ನು ಫ್ಲಾಟ್‌ಗಳಾಗಿ ಬದಲಿಸುವುದು, ಹಿಂದಿನ ಅಂಗಳದಲ್ಲಿ ಹೊಸ ಮನೆಗಳನ್ನು ಕಟ್ಟುವುದು, ಬೀದಿಗೆ ಕಾಣುವ ಮುಖಭಾಗವನ್ನು ಹಾಗೆಯೇ ಉಳಿಸಿ ನೆಲಮಹಡಿಯಲ್ಲಿ ಮೊದಲಿಗಿಂತ ಚಿಕ್ಕದಾದ ಪಬ್ ಒಂದಕ್ಕೆ ಜಾಗ ಬಿಡುವುದು ಅದರ ಯೋಜನೆ. ನಕ್ಷೆಗಳು ಅಂದವಾಗಿರುತ್ತವೆ, ಪರಂಪರೆಯ ಕುರಿತು ತಜ್ಞರ ವರದಿಯೂ ಜೊತೆಗಿರುತ್ತದೆ. ಸುತ್ತಲಿನ ನಿವಾಸಿಗಳು ಮಾತ್ರ ನೂರಾರು ಆಕ್ಷೇಪಣೆಗಳನ್ನು ಕಳುಹಿಸುತ್ತಾರೆ. ಅವರ ವಿರೋಧವನ್ನು ಹಳೆಯದರ ಮೇಲಿನ ಮೋಹವೆಂದು ತಳ್ಳಿಹಾಕುವುದು ಸುಲಭ. ಆದರೆ ಕಾನೂನನ್ನೂ ಈ ಕಟ್ಟಡಗಳು ನಡೆಯುವ ಬಗೆಯನ್ನೂ ಹತ್ತಿರದಿಂದ ನೋಡಿದರೆ ಆ ವಿರೋಧಕ್ಕೆ ಗಟ್ಟಿಯಾದ ಆಧಾರವಿರುವುದು ಕಾಣುತ್ತದೆ. ಇಂಗ್ಲೆಂಡಿನ ವ್ಯವಸ್ಥೆ ಕಟ್ಟಡವನ್ನು ಕಾಪಾಡುವುದರಲ್ಲಿ ತಕ್ಕಮಟ್ಟಿಗೆ ಗೆದ್ದಿದೆ. ಅದರೊಳಗೆ ನಡೆಯುವ ಬದುಕನ್ನು ಕಾಪಾಡುವುದರಲ್ಲಿ ಈಗಲೂ ಎಡವುತ್ತಿದೆ ಎಂಬುದು ನನ್ನ ವಾದ.

ಮೊದಲು ಸಂರಕ್ಷಣಾ ಪ್ರದೇಶ ಎಂದರೇನು ಎಂಬುದನ್ನು ನೋಡಬೇಕು. ಒಂಟಿ ಕಟ್ಟಡಕ್ಕೆ ಪಾರಂಪರಿಕ ಪಟ್ಟಿಯಲ್ಲಿ ಸ್ಥಾನ ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಬೆಳೆದುಬಂದದ್ದು. ಆದರೆ ಬೀದಿಗೆ ಬೀದಿಯೇ, ಊರಿನ ಒಂದು ಭಾಗವೇ ಒಟ್ಟಾರೆಯಾಗಿ ಬೆಲೆಯುಳ್ಳದ್ದಾಗಿರಬಹುದು ಎಂಬ ತಿಳಿವಳಿಕೆ ಕಾನೂನಿಗೆ ಬಂದದ್ದು 1967ರ ನಾಗರಿಕ ಸೌಕರ್ಯಗಳ ಕಾಯ್ದೆಯಿಂದ. ಅದೇ ವರ್ಷ ಲಿಂಕನ್‌ಶೈರಿನ ಸ್ಟ್ಯಾಮ್‌ಫರ್ಡ್ ಪಟ್ಟಣ ಮೊದಲ ಸಂರಕ್ಷಣಾ ಪ್ರದೇಶವಾಯಿತು. ಇಂದು ಇಂಗ್ಲೆಂಡಿನಲ್ಲಿ ಇಂಥ ಪ್ರದೇಶಗಳು ಹೆಚ್ಚುಕಡಿಮೆ 10 ಸಾವಿರ ಇವೆ. ಪಾರಂಪರಿಕ ಪಟ್ಟಿಯನ್ನು ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಸಲಹೆಯ ಮೇಲೆ ಕೇಂದ್ರ ಸರ್ಕಾರ ನಿರ್ಧರಿಸಿದರೆ, ಸಂರಕ್ಷಣಾ ಪ್ರದೇಶವನ್ನು ಬಹುತೇಕ ಸ್ಥಳೀಯ ಕೌನ್ಸಿಲೇ ಗುರುತಿಸುತ್ತದೆ. ಹೀಗಾಗಿ ಪಟ್ಟಿಯಲ್ಲಿ ಸೇರದ ಸಾಮಾನ್ಯ ಪಬ್ ಒಂದಕ್ಕೂ, ಅದು ಇಂಥ ಪ್ರದೇಶದ ಒಳಗಿದ್ದರೆ, ಒಂದಿಷ್ಟು ರಕ್ಷಣೆ ಸಿಗುತ್ತದೆ.

ಆ ರಕ್ಷಣೆಯ ತಿರುಳು 1990ರ ಪಾರಂಪರಿಕ ಕಟ್ಟಡಗಳು ಮತ್ತು ಸಂರಕ್ಷಣಾ ಪ್ರದೇಶಗಳ ಕಾಯ್ದೆಯ 72ನೆಯ ಸೆಕ್ಷನ್ನಿನಲ್ಲಿದೆ. ಇಂಥ ಪ್ರದೇಶದಲ್ಲಿ ಯಾವುದೇ ನಿರ್ಧಾರ ಕೈಗೊಳ್ಳುವಾಗ ಅಲ್ಲಿನ ಗುಣಲಕ್ಷಣವನ್ನಾಗಲಿ ನೋಟವನ್ನಾಗಲಿ ಉಳಿಸುವ ಇಲ್ಲವೇ ಹೆಚ್ಚಿಸುವ ವಿಚಾರಕ್ಕೆ ವಿಶೇಷ ಗಮನ ಕೊಡಲೇಬೇಕು ಎಂದು ಅದು ಹೇಳುತ್ತದೆ. ಉಳಿಸುವುದೆಂದರೆ ಏನನ್ನೂ ಮುಟ್ಟದಿರುವುದಲ್ಲ, ಹಾನಿಯಾಗದಂತೆ ನೋಡಿಕೊಳ್ಳುವುದು ಎಂದು 1992ರಲ್ಲಿ ಸೌತ್ ಲೇಕ್‌ಲ್ಯಾಂಡ್ ಪ್ರಕರಣದಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಸ್ಪಷ್ಟಪಡಿಸಿತು. 2014ರಲ್ಲಿ ಬಾರ್ನ್‌ವೆಲ್ ಮ್ಯಾನರ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ, ಪಾರಂಪರಿಕ ಕಟ್ಟಡದ ಪರಿಸರಕ್ಕೆ ಆಗುವ ಹಾನಿಯನ್ನು ಇತರ ಅಂಶಗಳ ಸಾಲಿನಲ್ಲಿ ಮತ್ತೊಂದು ಅಂಶವಾಗಿ ಮಾತ್ರ ತೂಗುವಂತಿಲ್ಲ, ಅದಕ್ಕೆ ಗಣನೀಯ ಮಹತ್ವ ಮತ್ತು ತೂಕವನ್ನು ಕೊಡಬೇಕು ಎಂದಿತು. ಆ ತೀರ್ಪಿನ ನಂತರ ಕೌನ್ಸಿಲ್ ಅಧಿಕಾರಿಗಳ ವರದಿಗಳ ಭಾಷೆಯೇ ಬದಲಾಯಿತು. ಹಾನಿ ಇದೆಯೋ ಇಲ್ಲವೋ ಎಂದು ಮೊದಲು ಹೇಳಬೇಕು. ಇದ್ದರೆ ಅದು ಗಣನೀಯವೋ ಅದಕ್ಕಿಂತ ಕಡಿಮೆಯೋ ಎಂದು ಹೇಳಬೇಕು. ಆನಂತರವಷ್ಟೇ ಯೋಜನೆಯಿಂದ ಸಾರ್ವಜನಿಕರಿಗೆ ಆಗುವ ಪ್ರಯೋಜನವನ್ನು ಅದರೆದುರು ತೂಗಬೇಕು. ಬೇಕೆಂದೇ ಕಟ್ಟಡವನ್ನು ಹಾಳುಬಿಟ್ಟ ಪುರಾವೆಯಿದ್ದರೆ ಆ ಹಾಳುಸ್ಥಿತಿಯನ್ನು ಮಾಲೀಕರ ಪರವಾಗಿ ಪರಿಗಣಿಸಬಾರದು ಎಂಬ ಮಾತೂ ರಾಷ್ಟ್ರೀಯ ಯೋಜನಾ ನೀತಿಯಲ್ಲಿದೆ. ಮುಚ್ಚಿದ ಪಬ್‌ಗಳ ವಿಷಯದಲ್ಲಿ ಇದು ಬಹಳ ಮುಖ್ಯ. ಬಾಗಿಲು ಮುಚ್ಚಿಸಿ, ಸೋರುವ ಸೂರನ್ನು ರಿಪೇರಿ ಮಾಡದೆ ಎರಡು ಮಳೆಗಾಲ ಕಳೆದು, ಈಗ ಇದನ್ನು ಕೆಡವದೆ ಗತಿಯಿಲ್ಲ ಎಂದು ಅರ್ಜಿ ಹಾಕುವ ತಂತ್ರ ಎಲ್ಲರಿಗೂ ಗೊತ್ತಿರುವಂಥದ್ದೇ.

ಕೆಡವುವುದರ ಮೇಲಿನ ಹಿಡಿತವಂತೂ ಬಿಗಿಯಾಗಿದೆ. ಸಂರಕ್ಷಣಾ ಪ್ರದೇಶದ ಕಟ್ಟಡವನ್ನು ಕೆಡವಲು 2013ರ ವರೆಗೆ ಪ್ರತ್ಯೇಕ ಒಪ್ಪಿಗೆ ಬೇಕಿತ್ತು. ಆ ವರ್ಷದ ಅಕ್ಟೋಬರಿನಿಂದ ಅದು ಯೋಜನಾ ಅನುಮತಿಯಲ್ಲೇ ಸೇರಿಕೊಂಡಿತು. ಅನುಮತಿಯಿಲ್ಲದೆ ಕೆಡವುವುದು ಕ್ರಿಮಿನಲ್ ಅಪರಾಧವಾಗಿ ಉಳಿದಿದೆ. ಮಿತಿಯಿಲ್ಲದ ದಂಡವನ್ನೂ ಎರಡು ವರ್ಷದವರೆಗಿನ ಸೆರೆವಾಸವನ್ನೂ ವಿಧಿಸಬಹುದು. ಯೋಜನಾ ಕಾನೂನಿನ ಇತರ ಉಲ್ಲಂಘನೆಗಳ ಮೇಲೆ ಜಾರಿ ಕ್ರಮ ಕೈಗೊಳ್ಳಲು ವರ್ಷಗಳ ಗಡುವಿದ್ದರೆ, ಈ ಬಗೆಯ ನೆಲಸಮಕ್ಕೆ ಆ ಗಡುವೂ ಇಲ್ಲ.

ಹಾಗಾದರೆ ತೊಂದರೆಯೆಲ್ಲಿದೆ? ಪಬ್ ಒಂದು ಕಟ್ಟಡವೂ ಹೌದು, ಒಂದು ವ್ಯಾಪಾರವೂ ಹೌದು, ಅಕ್ಕಪಕ್ಕದವರು ಸೇರುವ ಜಾಗವೂ ಹೌದು. ಈ ಮೂರಕ್ಕೆ ಮೂರು ಬೇರೆ ಬೇರೆ ಕಾನೂನುಗಳು ಅನ್ವಯಿಸುತ್ತವೆ. ಬ್ರಿಟನ್ನಿನಲ್ಲಿ 2000ದ ಹೊತ್ತಿಗೆ ಸುಮಾರು 60 ಸಾವಿರ ಪಬ್‌ಗಳಿದ್ದವು. ಈಗ ಸುಮಾರು 45 ಸಾವಿರ ಉಳಿದಿವೆ. ಮನೆಯಲ್ಲೇ ಕುಡಿಯುವ ರೂಢಿ, ಸೂಪರ್‌ಮಾರ್ಕೆಟ್‌ಗಳ ಅಗ್ಗದ ಬಿಯರ್, 2007ರ ಧೂಮಪಾನ ನಿಷೇಧ, ತೆರಿಗೆಯ ಹೊರೆ ಎಂದು ಕಾರಣಗಳನ್ನು ಎಣಿಸುವುದುಂಟು, ಅವೆಲ್ಲ ನಿಜವೂ ಹೌದು. ಆದರೆ ಯೋಜನಾ ನಿರ್ಧಾರಗಳ ದೃಷ್ಟಿಯಿಂದ ಹೆಚ್ಚು ಮುಖ್ಯವಾದ ಕಾರಣ ಮಾಲೀಕತ್ವದ ಬದಲಾವಣೆ. ದೊಡ್ಡ ಬಿಯರ್ ತಯಾರಕರು ಸಾವಿರಾರು ಪಬ್‌ಗಳನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡು ತಮ್ಮ ಬಿಯರನ್ನೇ ಮಾರಿಸುತ್ತಿದ್ದುದನ್ನು ತಡೆಯಲು ಸರ್ಕಾರ 1989ರಲ್ಲಿ ಆದೇಶ ಹೊರಡಿಸಿತು. ತಯಾರಕರು ಮಾರಿದ ಪಬ್‌ಗಳನ್ನು ಪಬ್ ಕಂಪನಿಗಳು ಸಾಲ ಮಾಡಿ ಸಗಟಾಗಿ ಕೊಂಡವು. ಬಿಯರ್ ಮಾರುವವನ ಕಣ್ಣಿಗೆ ಅಂಗಡಿಯಾಗಿದ್ದದ್ದು ಸಾಲ ತೀರಿಸಬೇಕಾದ ಕಂಪನಿಯ ಲೆಕ್ಕದಲ್ಲಿ ಸ್ಥಿರಾಸ್ತಿಯಾಯಿತು. ಲಂಡನ್ನಿನಂಥ ನಗರದಲ್ಲಿ ಮೂಲೆಯ ನಿವೇಶನವೊಂದು ಪಬ್ ಆಗಿ ತರುವ ಬೆಲೆಗೂ ಫ್ಲಾಟ್‌ಗಳಾಗಿ ತರುವ ಬೆಲೆಗೂ ಇರುವ ಅಂತರ ದೊಡ್ಡದು. ಚೆನ್ನಾಗಿ ನಡೆಯುತ್ತಿರುವ, ಲಾಭದಲ್ಲಿರುವ ಪಬ್ ಕೂಡ ಮುಚ್ಚಬಹುದಾದದ್ದು ಈ ಅಂತರದಿಂದಲೇ. ಹಾಗಾಗಿ ಪಬ್ ಮುಚ್ಚಿತೆಂದರೆ ಗಿರಾಕಿಗಳಿರಲಿಲ್ಲ ಎಂದೇ ಅರ್ಥ ಮಾಡಿಕೊಳ್ಳುವುದು ತಪ್ಪು.

ಕಾನೂನು ಈ ಕಡೆ ನಿಧಾನವಾಗಿ ಕಣ್ಣು ತೆರೆಯಿತು. ಪಬ್ಬನ್ನು ಅಂಗಡಿಯಾಗಿಯೋ ಕಚೇರಿಯಾಗಿಯೋ ಬದಲಿಸಲು ಬಹುಕಾಲ ಯೋಜನಾ ಅನುಮತಿಯೇ ಬೇಕಿರಲಿಲ್ಲ. ಎಷ್ಟೋ ಪಬ್‌ಗಳು ರಾತ್ರೋರಾತ್ರಿ ಸಣ್ಣ ಸೂಪರ್‌ಮಾರ್ಕೆಟ್‌ಗಳಾದವು. 2017ರ ಮೇ ತಿಂಗಳಲ್ಲಿ ಆ ಸಡಿಲಿಕೆ ಕೊನೆಗೊಂಡಿತು. ಕೆಡವುವುದಕ್ಕೂ ಬಳಕೆ ಬದಲಿಸುವುದಕ್ಕೂ ಅನುಮತಿ ಕಡ್ಡಾಯವಾಯಿತು. ಕಟ್ಟಡಗಳನ್ನು ಬಳಕೆಗೆ ತಕ್ಕಂತೆ ವಿಂಗಡಿಸುವ ವರ್ಗಗಳನ್ನು 2020ರಲ್ಲಿ ಪುನರ್‌ರಚಿಸಿದಾಗ ಪಬ್ ಯಾವ ವರ್ಗಕ್ಕೂ ಸೇರದ ಪ್ರತ್ಯೇಕ ಬಳಕೆಯೆಂದು ನಿಂತಿತು. ಇದಕ್ಕೆ ಮೊದಲೇ 2011ರ ಸ್ಥಳೀಯತೆ ಕಾಯ್ದೆ ಇನ್ನೊಂದು ದಾರಿ ತೆರೆದಿತ್ತು. ಕನಿಷ್ಠ 21 ಸ್ಥಳೀಯರ ಗುಂಪು ಕೇಳಿಕೊಂಡರೂ ಕೌನ್ಸಿಲ್ ಪಬ್ಬನ್ನು ಸಮುದಾಯಕ್ಕೆ ಬೆಲೆಯುಳ್ಳ ಆಸ್ತಿ ಎಂದು ಐದು ವರ್ಷಕ್ಕೆ ನೋಂದಾಯಿಸಬಹುದು. ಮಾಲೀಕರು ಮಾರಲು ಹೊರಟಾಗ ಸಮುದಾಯ ಬಯಸಿದರೆ ಆರು ತಿಂಗಳು ಮಾರಾಟವನ್ನು ತಡೆಹಿಡಿದು ಹಣ ಕೂಡಿಸಲು ಅವಕಾಶವಿದೆ. ದಕ್ಷಿಣ ಲಂಡನ್ನಿನ ನನ್‌ಹೆಡ್‌ನಲ್ಲಿರುವ ಐವಿ ಹೌಸ್ ಈ ಹಕ್ಕಿನಿಂದ ಉಳಿದ ಮೊದಲ ಪಬ್. ಮುಚ್ಚಿ ಮಾರಾಟಕ್ಕಿಟ್ಟಿದ್ದ ಅದನ್ನು ಸುತ್ತಲಿನವರು ಷೇರು ಹಾಕಿ, ಸಾಲ ತಂದು, 2013ರಲ್ಲಿ ತಾವೇ ಕೊಂಡು ನಡೆಸತೊಡಗಿದರು. ಆದರೆ ಈ ಹಕ್ಕಿಗೆ ಒಂದು ದೊಡ್ಡ ಕೊರತೆಯಿದೆ. ಆರು ತಿಂಗಳು ಕಳೆದ ಮೇಲೆ ಮಾಲೀಕರು ಯಾರಿಗೆ ಬೇಕಾದರೂ ಮಾರಬಹುದು, ಸಮುದಾಯ ಒಡ್ಡಿದ ಬೆಲೆಯನ್ನು ಒಪ್ಪಬೇಕೆಂಬ ಕಟ್ಟುಪಾಡೇನೂ ಇಲ್ಲ.

ಪಬ್ಬನ್ನು ಪೂರ್ತಿಯಾಗಿ ಮನೆಯಾಗಿಸುವ ಅರ್ಜಿಗಳನ್ನು ಎದುರಿಸಲು ಕೌನ್ಸಿಲ್‌ಗಳಿಗೆ ಈಗ ಸಾಕಷ್ಟು ಬಲವಿದೆ. ಲಂಡನ್ನಿನ ಚೆಲ್ಸಿಯಲ್ಲಿ 18ನೆಯ ಶತಮಾನದ ಆರಂಭದಿಂದ ನಡೆದುಬಂದ ಕ್ರಾಸ್ ಕೀಸ್ ಪಬ್ಬನ್ನು ಒಂದೇ ಕುಟುಂಬದ ಮನೆಯಾಗಿಸುವ ಪ್ರಯತ್ನವನ್ನು ಕೌನ್ಸಿಲ್ ಒಪ್ಪಲಿಲ್ಲ, ಅದು ಮುಂದೆ ಪಬ್ ಆಗಿಯೇ ತೆರೆಯಿತು. ಅಲ್ಲಿ ಎದ್ದ ಪ್ರಶ್ನೆ ಮಹತ್ವದ್ದು. ಇಟ್ಟಿಗೆಯೊಂದನ್ನೂ ಕದಲಿಸದಿದ್ದರೂ, ಸಂಜೆ ದೀಪ ಬೆಳಗುವ, ಬಾಗಿಲು ಎಲ್ಲರಿಗೂ ತೆರೆದಿರುವ ಕಟ್ಟಡವೊಂದು ಪರದೆ ಎಳೆದ ಖಾಸಗಿ ಮನೆಯಾದರೆ ಆ ಬೀದಿಯ ಗುಣಲಕ್ಷಣ ಬದಲಾಗುವುದಿಲ್ಲವೇ? ಬದಲಾಗುತ್ತದೆ ಎಂದೇ ನನ್ನ ಉತ್ತರ. ಕಾಯ್ದೆ ನೋಟವನ್ನೂ ಗುಣಲಕ್ಷಣವನ್ನೂ ಬೇರೆ ಬೇರೆಯಾಗಿ ಹೆಸರಿಸಿರುವುದರಿಂದ, ಬಳಕೆಯನ್ನು ಪರಂಪರೆಯ ಭಾಗವಾಗಿ ನೋಡಲು ಕಾನೂನಿನಲ್ಲೇ ಜಾಗವಿದೆ. ಇಡೀ ಲಂಡನ್ನಿಗೆ ಅನ್ವಯಿಸುವ ಯೋಜನಾ ದಾಖಲೆಯಾದ 2021ರ ಲಂಡನ್ ಪ್ಲಾನ್ ಇದನ್ನು ಇನ್ನಷ್ಟು ಗಟ್ಟಿಮಾಡಿದೆ. ಪರಂಪರೆ, ಆರ್ಥಿಕತೆ, ಸಮಾಜ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಬೆಲೆಯುಳ್ಳ ಪಬ್ಬನ್ನು ಕಳೆದುಕೊಳ್ಳುವ ಮೊದಲು, ಅದನ್ನು ಸ್ವತಂತ್ರ ಮೌಲ್ಯಮಾಪನದ ನಂತರ ಒಪ್ಪಿದ ಬೆಲೆಗೆ, ಪಬ್ ಆಗಿಯೇ, ಕನಿಷ್ಠ 24 ತಿಂಗಳು ಮಾರುಕಟ್ಟೆಯಲ್ಲಿಟ್ಟ ಪುರಾವೆ ಬೇಕೆಂದು ಅದು ಹೇಳುತ್ತದೆ. ಫ್ಲಾಟ್‌ಗಳ ಬೆಲೆ ಹೇಳಿ, ಯಾರೂ ಬರಲಿಲ್ಲ ಎಂದು ಕೈಚೆಲ್ಲುವ ದಾರಿ ಇದರಿಂದ ಮುಚ್ಚಿತು.

ಈಗ ನಿಜವಾದ ಹೋರಾಟ ನಡೆಯುತ್ತಿರುವುದು ಮೊದಲಿಗೇ ಹೇಳಿದ ಮಿಶ್ರ ಯೋಜನೆಗಳ ಮೇಲೆ. ಪಬ್ ಉಳಿಯುತ್ತದೆ ಎಂದು ಅರ್ಜಿಯೇ ಹೇಳುವುದರಿಂದ ಪಬ್ ರಕ್ಷಣೆಯ ನೀತಿ ಮೇಲ್ನೋಟಕ್ಕೆ ಉಲ್ಲಂಘನೆಯಾಗುವುದಿಲ್ಲ. ಮುಖಭಾಗ ಉಳಿಯುವುದರಿಂದ ಸಂರಕ್ಷಣಾ ಪ್ರದೇಶದ ನೋಟಕ್ಕೂ ದೊಡ್ಡ ಹಾನಿಯಿಲ್ಲ. ಕೆಲವು ಮನೆಗಳು ಹೊಸದಾಗಿ ಸಿಗುವುದರಿಂದ ಸಾರ್ವಜನಿಕ ಪ್ರಯೋಜನವೂ ಇದೆಯೆನ್ನಬಹುದು. ಮನೆಗಳ ಕೊರತೆ ತೀವ್ರವಾಗಿರುವ, ಐದು ವರ್ಷಗಳಲ್ಲಿ 15 ಲಕ್ಷ ಮನೆ ಕಟ್ಟುವ ಗುರಿಯನ್ನು ಸರ್ಕಾರ ಇಟ್ಟುಕೊಂಡಿರುವ ಈ ಕಾಲದಲ್ಲಿ ಆ ಪ್ರಯೋಜನವನ್ನು ಹಗುರವಾಗಿ ನೋಡಲೂ ಬಾರದು. ಬಾಡಿಗೆ ಮನೆಗಾಗಿ ಅಲೆಯುತ್ತಿರುವವರ ಪಾಡು ಕಾಲ್ಪನಿಕವಲ್ಲ. ಆದರೂ ನಕ್ಷೆಯಲ್ಲಿ ಪಬ್ ಎಂದು ಬರೆದ ಜಾಗದಲ್ಲಿ ಪಬ್ ನಡೆಯಬಲ್ಲುದೇ ಎಂಬ ಪ್ರಶ್ನೆಯನ್ನು ಕೇಳದೆ ತೂಗಿದರೆ ಆ ತೂಕ ಸರಿಯಾಗದು.

ಹಳೆಯ ಪಬ್ಬಿನ ಒಂದೊಂದು ಭಾಗಕ್ಕೂ ಒಂದು ಕೆಲಸವಿದೆ. ನೆಲಮಾಳಿಗೆಯಲ್ಲಿ ತಂಪಾಗಿ ಬಿಯರಿನ ಪೀಪಾಯಿಗಳಿರಬೇಕು. ಅವುಗಳನ್ನು ಲಾರಿಯಿಂದ ಇಳಿಸಲು ಬೀದಿಯ ಬದಿಯಲ್ಲಿ ಬಾಯಿ ಬೇಕು. ನೆಲಮಾಳಿಗೆಯನ್ನು ಫ್ಲಾಟ್‌ಗೆ ಸೇರಿಸಿಬಿಟ್ಟರೆ ಪೀಪಾಯಿಗಳು ನೆಲಮಹಡಿಗೆ ಬರುತ್ತವೆ, ಗಿರಾಕಿಗಳ ಜಾಗ ಕುಗ್ಗುತ್ತದೆ. ಇಂದು ಬಹಳಷ್ಟು ಪಬ್‌ಗಳು ಬದುಕಿರುವುದು ಊಟದ ವ್ಯಾಪಾರದಿಂದ. ಅದಕ್ಕೆ ಸರಿಯಾದ ಅಡುಗೆಮನೆ ಬೇಕು, ಅಡುಗೆಯ ಹೊಗೆ ಮತ್ತು ವಾಸನೆಯನ್ನು ಸೂರಿನ ಮೇಲಕ್ಕೆ ಒಯ್ಯುವ ಕೊಳವೆ ಬೇಕು. ಆ ಕೊಳವೆ ಹೊಸ ಫ್ಲಾಟ್‌ಗಳ ಕಿಟಕಿಯ ಪಕ್ಕದಲ್ಲೇ ಹಾದುಹೋಗುವಂತಿದ್ದರೆ ಅಡುಗೆ ಹೆಚ್ಚು ದಿನ ನಡೆಯದು. ಮೇಲಿನ ಮಹಡಿಯಲ್ಲಿ ಪಬ್ ನಡೆಸುವವರ ಕುಟುಂಬ ವಾಸಿಸುತ್ತಿತ್ತು. ಆ ಮನೆಯನ್ನು ಮಾರಿದರೆ ದುಬಾರಿ ನಗರದಲ್ಲಿ ಅವರಿಗೆ ಬೇರೆ ಬಾಡಿಗೆ ಹೊರೆಯಾಗುತ್ತದೆ. ಮೊದಲ ಮಹಡಿಯ ಸಭಾಕೋಣೆಯಲ್ಲಿ ಮದುವೆಯ ಔತಣ, ಶವಸಂಸ್ಕಾರದ ನಂತರದ ಕೂಟ, ಸಂಗೀತ, ಹಾಸ್ಯ, ನಿವಾಸಿಗಳ ಸಂಘದ ಸಭೆ ಎಲ್ಲವೂ ನಡೆಯುತ್ತಿದ್ದವು. ವಾರದ ದಿನಗಳ ಆದಾಯ ಅಲ್ಲಿಂದಲೇ ಬರುತ್ತಿತ್ತು. ಹಿಂದಿನ ಅಂಗಳ ಬೇಸಿಗೆಯ ಗಳಿಕೆಯ ಮೂಲ. ಇವುಗಳಲ್ಲಿ ಒಂದನ್ನು ತೆಗೆದರೆ ಪಬ್ ತಾಳಿಕೊಳ್ಳಬಹುದು. ಎಲ್ಲವನ್ನೂ ತೆಗೆದು ಮುಂದಿನ ಒಂದು ಕೋಣೆಯನ್ನಷ್ಟೇ ಬಿಟ್ಟರೆ ಉಳಿಯುವುದು ಬಾಡಿಗೆದಾರರು ಬಂದು ಬಂದು ಸೋತು ಹೋಗುವ ಜಾಗ. ನಾಲ್ಕಾರು ವರ್ಷಗಳ ಬಳಿಕ ಇದು ನಡೆಯುವುದಿಲ್ಲವೆಂದು ಸಾಬೀತಾಗಿದೆ ಎಂಬ ಹೊಸ ಅರ್ಜಿ ಬರುತ್ತದೆ. ಆಗ ಅಧಿಕಾರಿಗೂ ನಿರಾಕರಿಸಲು ಕಾರಣ ಸಿಗುವುದಿಲ್ಲ, ಏಕೆಂದರೆ ಮಾತು ನಿಜವಾಗಿರುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯ ಶಬ್ದದ್ದು. ಪಬ್ಬಿನ ಮೇಲೆಯೇ ಮನೆ ಕೊಂಡವರು ರಾತ್ರಿಯ ಗದ್ದಲದ ಬಗ್ಗೆ ದೂರು ಕೊಟ್ಟರೆ ಕೌನ್ಸಿಲಿನ ಪರಿಸರ ಆರೋಗ್ಯ ವಿಭಾಗ ಅದನ್ನು ವಿಚಾರಿಸಲೇಬೇಕು. ಲೈಸೆನ್ಸಿನ ಮೇಲೆ ನಿರ್ಬಂಧಗಳು ಬೀಳುತ್ತವೆ, ಸಂಗೀತ ನಿಲ್ಲುತ್ತದೆ, ಅಂಗಳವನ್ನು ಒಂಬತ್ತು ಗಂಟೆಗೇ ಮುಚ್ಚಬೇಕಾಗುತ್ತದೆ. ಹೊಸದಾಗಿ ಬರುವ ಕಟ್ಟಡವೇ ತನ್ನ ರಕ್ಷಣೆಗೆ ತಕ್ಕ ಏರ್ಪಾಡು ಮಾಡಿಕೊಳ್ಳಬೇಕು, ಮೊದಲಿನಿಂದ ಇರುವ ವ್ಯಾಪಾರದ ಮೇಲೆ ಹೊರೆ ಹಾಕಬಾರದು ಎಂಬ ತತ್ತ್ವವನ್ನು 2018ರಲ್ಲಿ ರಾಷ್ಟ್ರೀಯ ನೀತಿಗೆ ಸೇರಿಸಲಾಯಿತು. ಅದಕ್ಕೆ ಎರಡು ವರ್ಷ ಮೊದಲು, ಪೂರ್ವ ಲಂಡನ್ನಿನ ಸ್ಟೆಪ್ನಿಯಲ್ಲಿರುವ ಜಾರ್ಜ್ ಟ್ಯಾವರ್ನ್ ಪಕ್ಕದಲ್ಲಿ ಫ್ಲಾಟ್‌ಗಳನ್ನು ಕಟ್ಟಲು ದೊರೆತಿದ್ದ ಅನುಮತಿಯನ್ನು ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತ್ತು. ಹೊಸ ಮನೆಗಳಿಂದ ಆ ಸಂಗೀತದ ಪಬ್ಬಿನ ಅಸ್ತಿತ್ವಕ್ಕೆ ಕುತ್ತು ಬರಬಹುದೆಂಬ ಆತಂಕವೇ ಆ ಮೊಕದ್ದಮೆಯ ಹಿಂದಿತ್ತು. ನೀತಿಯೇನೋ ಬಂದಿದೆ, ಆದರೆ ಹಳೆಯ ಮರದ ತೊಲೆಗಳ ನಡುವೆ ಶಬ್ದ ತಡೆಯುವ ಪದರವನ್ನು ಕೂರಿಸುವುದು ಕಷ್ಟದ, ದುಬಾರಿ ಕೆಲಸ. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವಾದರೆ ಅಲಂಕೃತ ಚಾವಣಿಯನ್ನು ಮುಟ್ಟಲೂ ಪ್ರತ್ಯೇಕ ಒಪ್ಪಿಗೆ ಬೇಕು. ಈ ವಿವರ ಅರ್ಜಿಯ ಹಂತದಲ್ಲೇ ಇತ್ಯರ್ಥವಾಗಬೇಕು. ಮುಂದೆ ಸಲ್ಲಿಸಿದರಾಯಿತು ಎಂಬ ಷರತ್ತಿಗೆ ಬಿಟ್ಟುಬಿಡುವ ಅಭ್ಯಾಸವನ್ನು ನಾನು ಒಪ್ಪಲಾರೆ.

ನಿರ್ಧಾರ ಕೈಗೊಳ್ಳುವ ಬಗೆಯ ಬಗ್ಗೆಯೂ ಹೇಳಬೇಕು. ಹೆಚ್ಚಿನ ಅರ್ಜಿಗಳನ್ನು ಅಧಿಕಾರಿಗಳೇ ಇತ್ಯರ್ಥಪಡಿಸುತ್ತಾರೆ; ವಿವಾದದವು ಮಾತ್ರ ಚುನಾಯಿತ ಸದಸ್ಯರ ಸಮಿತಿಯ ಮುಂದೆ ಬರುತ್ತವೆ. ಅರ್ಜಿದಾರರು ಸೋತರೆ, ಇಂಥ ಮೇಲ್ಮನವಿಗಳನ್ನು ವಿಚಾರಿಸುವ ಸರ್ಕಾರಿ ಸಂಸ್ಥೆಯಾದ ಪ್ಲಾನಿಂಗ್ ಇನ್ಸ್‌ಪೆಕ್ಟರೇಟಿಗೆ ಮೇಲ್ಮನವಿ ಸಲ್ಲಿಸಬಹುದು. ನಿವಾಸಿಗಳು ಸೋತರೆ ಅವರಿಗೆ ಆ ಹಕ್ಕಿಲ್ಲ. ಆರು ವಾರದೊಳಗೆ ಹೈಕೋರ್ಟಿಗೆ ಹೋಗಬಹುದಷ್ಟೇ, ಅಲ್ಲಿಯೂ ನಡೆಯುವುದು ಕಾನೂನಿನ ಪ್ರಶ್ನೆಯ ವಿಚಾರಣೆಯೇ ಹೊರತು ಯೋಜನೆಯ ಒಳಿತು ಕೆಡುಕಿನದ್ದಲ್ಲ. ಹೀಗಾಗಿ ಆಕ್ಷೇಪಣೆ ಮೊದಲ ಸುತ್ತಿನಲ್ಲೇ ಗಟ್ಟಿಯಾಗಿರಬೇಕು. ನಮ್ಮ ಮನೆಯ ಬೆಲೆ ಇಳಿಯುತ್ತದೆ, ಬಿಲ್ಡರ್ ಒಳ್ಳೆಯವನಲ್ಲ ಎಂಬ ಮಾತುಗಳಿಗೆ ಅಲ್ಲಿ ತೂಕವಿಲ್ಲ. ಅಡುಗೆಮನೆಯ ವಿಸ್ತೀರ್ಣ ಸಾಲದು, ಪೀಪಾಯಿ ಇಳಿಸುವ ದಾರಿ ಮುಚ್ಚಿಹೋಗಿದೆ, ಮಾರುಕಟ್ಟೆಯಲ್ಲಿ ಇಟ್ಟ ಪುರಾವೆ ದೋಷಪೂರ್ಣವಾಗಿದೆ ಎಂಬ ಮಾತುಗಳಿಗೆ ಇದೆ. ಪಬ್ ನಡೆಯಬಲ್ಲುದೇ ಎಂದು ಅಳೆಯಲು ಬಿಯರ್ ಗ್ರಾಹಕರ ಸಂಘಟನೆಯಾದ ಕ್ಯಾಮ್ರಾ ಸಿದ್ಧಪಡಿಸಿರುವ ಪ್ರಶ್ನಾವಳಿಯನ್ನು ಹಲವು ಕೌನ್ಸಿಲ್‌ಗಳು ಬಳಸುತ್ತವೆ. ಪ್ರತಿಕ್ರಿಯೆ ಸಲ್ಲಿಸಲು ಪೌರತ್ವವಾಗಲಿ ಮತದಾನದ ಹಕ್ಕಾಗಲಿ ಬೇಕಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ಬಾಡಿಗೆ ಮನೆಯಲ್ಲಿದ್ದರೂ ತಮ್ಮ ಬೀದಿಯ ಅರ್ಜಿಯ ಬಗ್ಗೆ ಬರೆಯಬಹುದು.

ಕಾನೂನನ್ನು ಮೀರಿದಾಗ ಏನಾಗುತ್ತದೆ ಎಂಬುದಕ್ಕೆ ಕಾರ್ಲ್ಟನ್ ಟ್ಯಾವರ್ನ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಲಂಡನ್ನಿನ ಕಾರ್ಲ್ಟನ್ ವೇಲ್ ರಸ್ತೆಯಲ್ಲಿ ಚಾರಿಂಗ್ಟನ್ ಬಿಯರ್ ಕಂಪನಿಗಾಗಿ 1920–21ರಲ್ಲಿ ಕಟ್ಟಿದ ಈ ಪಬ್, ಮಹಾಯುದ್ಧದ ಬಾಂಬ್ ದಾಳಿಯನ್ನೂ ತಾಳಿಕೊಂಡು ನಿಂತಿತ್ತು. ಅದನ್ನು ಕೆಡವಿ ಫ್ಲಾಟ್ ಕಟ್ಟುವ ಅರ್ಜಿಯನ್ನು 2015ರ ಜನವರಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ನಿರಾಕರಿಸಿತು. ಪಾರಂಪರಿಕ ಪಟ್ಟಿಗೆ ಸೇರಿಸುವ ಪರಿಶೀಲನೆ ಮುಗಿಯುತ್ತಿದ್ದಂತೆಯೇ, ಏಪ್ರಿಲ್ 8ರಂದು ಮಾಲೀಕ ಕಂಪನಿ ಅದನ್ನು ನೆಲಸಮ ಮಾಡಿಸಿತು. ಕೌನ್ಸಿಲ್ ದಂಡಕ್ಕೆ ತೃಪ್ತಿಪಡಲಿಲ್ಲ. ಇದ್ದಂತೆಯೇ ಮತ್ತೆ ಕಟ್ಟಿಕೊಡಬೇಕೆಂದು ಜಾರಿ ನೋಟಿಸ್ ಹೊರಡಿಸಿತು. 2016ರಲ್ಲಿ ಪ್ಲಾನಿಂಗ್ ಇನ್ಸ್‌ಪೆಕ್ಟರ್ ಆ ನೋಟಿಸನ್ನು ಎತ್ತಿಹಿಡಿದರು. ಉರುಳಿಸುವ ಮುನ್ನವೇ ಹೆಂಚು, ಇಟ್ಟಿಗೆ, ಒಳಾಂಗಣಗಳ ವಿವರವಾದ ದಾಖಲೆ ನಡೆದಿದ್ದರಿಂದ ಮರುನಿರ್ಮಾಣ ಸಾಧ್ಯವಾಯಿತು, 2021ರ ಏಪ್ರಿಲಿನಲ್ಲಿ ಪಬ್ ಮತ್ತೆ ಬಾಗಿಲು ತೆರೆಯಿತು. ನಡುವೆ ಆರು ವರ್ಷಗಳು ಕಳೆದವು. ಸ್ಟಾಫರ್ಡ್‌ಶೈರಿನ ಹಿಮ್ಲಿಯಲ್ಲಿ 1765ರಲ್ಲಿ ಕಟ್ಟಿದ, ಗಣಿಗಾರಿಕೆಯಿಂದ ನೆಲ ಕುಸಿದು ವಾಲಿದ್ದ ಕ್ರುಕೆಡ್ ಹೌಸ್ 2023ರ ಆಗಸ್ಟಿನಲ್ಲಿ ಬೆಂಕಿಗೆ ಸಿಕ್ಕಿ, ಎರಡೇ ದಿನಗಳಲ್ಲಿ ನೆಲಸಮವಾದಾಗ ಸೌತ್ ಸ್ಟಾಫರ್ಡ್‌ಶೈರ್ ಕೌನ್ಸಿಲ್ 2024ರ ಫೆಬ್ರುವರಿಯಲ್ಲಿ ಮರುನಿರ್ಮಾಣದ ನೋಟಿಸ್ ಕೊಡುವ ಧೈರ್ಯ ತೋರಿದ್ದರ ಹಿಂದೆ ಕಾರ್ಲ್ಟನ್ ಟ್ಯಾವರ್ನ್‌ನ ಪೂರ್ವೋದಾಹರಣೆಯಿತ್ತು ಎಂದು ನಾನು ಭಾವಿಸುತ್ತೇನೆ.

ಆದರೆ ಇಂಥ ಗೆಲುವುಗಳೆಲ್ಲ ಬುಲ್ಡೋಜರಿನ ವಿರುದ್ಧದ ಗೆಲುವುಗಳು. ಅನುಮತಿ ಪಡೆದೇ, ನಕ್ಷೆಯ ಪ್ರಕಾರವೇ, ಕೋಣೆ ಕೋಣೆಯಾಗಿ ಕಳಚಿಹೋಗುವ ಪಬ್ಬಿಗೆ ಅವು ನೆರವಾಗುವುದಿಲ್ಲ. 2025ರಲ್ಲಿ ಸರ್ಕಾರ ಪಾರ್ಲಿಮೆಂಟಿನಲ್ಲಿ ಮಂಡಿಸಿದ ಅಧಿಕಾರ ವಿಕೇಂದ್ರೀಕರಣದ ಮಸೂದೆ ಸಮುದಾಯಕ್ಕೆ ಕೊಳ್ಳುವ ಮೊದಲ ಅವಕಾಶವನ್ನೂ, ಹಣ ಕೂಡಿಸಲು ಆರರ ಬದಲು ಹನ್ನೆರಡು ತಿಂಗಳನ್ನೂ ಕೊಡಲು ಹೊರಟದ್ದು ಸ್ವಾಗತಾರ್ಹ. ಆದರೂ ಆ ಹಕ್ಕು ಎಚ್ಚೆತ್ತುಕೊಳ್ಳುವುದು ಮಾರಾಟದ ಹೊತ್ತಿನಲ್ಲಿ. ಮಾಲೀಕ ಮಾರದೆ ತಾನೇ ಕಟ್ಟಡವನ್ನು ಭಾಗ ಮಾಡಲು ಹೊರಟರೆ ಯೋಜನಾ ಸಮಿತಿಯೊಂದೇ ದಿಕ್ಕು. ಲಂಡನ್ ಪ್ಲಾನ್ ಈ ವಿಷಯದಲ್ಲೂ ಮುಂದಿದೆ: ಪಬ್ಬಿಗೆ ಸೇರಿದ ವಸತಿ, ಅಂಗಳ ಮುಂತಾದ ಸೌಕರ್ಯಗಳನ್ನು ಕಸಿದು ಅದರ ನಡೆಯುವಿಕೆಗೆ ಧಕ್ಕೆ ತರುವ ಯೋಜನೆಗಳನ್ನು ತಡೆಯಬೇಕೆಂದು ಅದು ಹೇಳುತ್ತದೆ. ರಾಜಧಾನಿಯ ಹೊರಗಿನ ಕೌನ್ಸಿಲ್‌ಗಳೂ ಇದನ್ನು ತಮ್ಮ ಸ್ಥಳೀಯ ಯೋಜನೆಯಲ್ಲಿ ಸ್ಪಷ್ಟವಾಗಿ ಬರೆದುಕೊಳ್ಳಬೇಕು, ಏಕೆಂದರೆ ಮೇಲ್ಮನವಿಯಲ್ಲಿ ಇನ್ಸ್‌ಪೆಕ್ಟರ್ ಮೊದಲು ತೆರೆದು ನೋಡುವುದು ಆ ಯೋಜನೆಯನ್ನೇ. ಮಿಶ್ರ ಯೋಜನೆಯೊಂದಕ್ಕೆ ಅನುಮತಿ ಕೊಡುವುದೇ ಆದರೆ, ಪಬ್ಬಿನ ಭಾಗವನ್ನು ಪೂರ್ತಿ ಸಜ್ಜುಗೊಳಿಸಿ ನಡೆಸುವವರಿಗೆ ಒಪ್ಪಿಸುವ ತನಕ ಮೇಲಿನ ಒಂದು ಫ್ಲಾಟಿಗೂ ಜನ ಬರುವಂತಿಲ್ಲ ಎಂಬ ಷರತ್ತನ್ನು ಕಾನೂನುಬದ್ಧ ಒಪ್ಪಂದದಲ್ಲೇ ಹಾಕಬೇಕು. ಅರ್ಜಿಯಲ್ಲಿ ಪಬ್ ಉಳಿಯುತ್ತದೆ ಎಂದು ಬರೆದವರಿಗೆ ಆ ಷರತ್ತಿನಿಂದ ನಷ್ಟವೇನೂ ಆಗದು.